ಸ್ವೀಡನ್ ಅಮೆರಿಕಕ್ಕಿಂತ ಅಸಮಾನವಾ? ದೇಶಗಳ ಪಟ್ಟಿ ನಂಬುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಒಂದು ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರುವಾಯಿತು. ನ್ಯೂಜೆರ್ಸಿಯಲ್ಲಿರುವ ಭಾವ ಒಂದು ಪಟ್ಟಿ ಹಾಕಿದರು. ಅದರಲ್ಲಿ ಸ್ವೀಡನ್ ಅಮೆರಿಕಕ್ಕಿಂತಲೂ ಅಸಮಾನ ದೇಶ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿರುವ ಚಿಕ್ಕಪ್ಪನ ಮಗಳು ಹತ್ತೇ ನಿಮಿಷದಲ್ಲಿ ಇನ್ನೊಂದು ಪಟ್ಟಿ ಹಾಕಿದಳು. ಇದರಲ್ಲಿ ಸ್ವೀಡನ್ ಜಗತ್ತಿನ ಹೆಚ್ಚು ಸಮಾನ ದೇಶಗಳ ಸಾಲಿನಲ್ಲಿ ಕೂತಿದೆ, ಅಮೆರಿಕ ಶ್ರೀಮಂತ ದೇಶಗಳ ಪೈಕಿ ಬಹುತೇಕ ಕೊನೆಯಲ್ಲಿದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಎರಡು ಪಟ್ಟಿಯೂ ಸರಿಯೇ ಇತ್ತು, ಜಗಳ ಮಾತ್ರ ರಾತ್ರಿ ಹನ್ನೊಂದರವರೆಗೆ ನಡೆಯಿತು.

ಆಮೇಲೆ ನಾನು ಎಕ್ಸೆಲ್ ಶೀಟ್ ತೆರೆದು ಕೂತು ಕಲಿತದ್ದು ಇಲ್ಲಿದೆ. ನಾನು ಅರ್ಥಶಾಸ್ತ್ರದವನಲ್ಲ. ಆದರೆ ಇಂಥ ಪಟ್ಟಿ ನೋಡಿದಾಗ ಯಾವ ಪ್ರಶ್ನೆ ಮೊದಲು ಕೇಳಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯುತ್ತದೆ.

ಆದಾಯವೋ, ಆಸ್ತಿಯೋ?

ಮೊದಲ ಪ್ರಶ್ನೆ ಇದೇ. ಆದಾಯ ಅಂದರೆ ಸಂಬಳದ ಚೀಟಿ, ಬಾಡಿಗೆ, ಬಡ್ಡಿ, ಪಿಂಚಣಿ, ಅಂದರೆ ಒಂದು ವರ್ಷದಲ್ಲಿ ಮನೆಗೆ ಬಂದದ್ದು. ಆಸ್ತಿ ಅಥವಾ ಸಂಪತ್ತು ಅಂದರೆ ನಮ್ಮ ಕಡೆ ಪಹಣಿ, ಒಡವೆ, ಠೇವಣಿ, ಷೇರು ಅಂತೀವಲ್ಲ ಅದೆಲ್ಲ ಕೂಡಿಸಿ, ಅದರಲ್ಲಿ ಸಾಲ ಕಳೆದರೆ ಉಳಿಯುವುದು. ಒಳ್ಳೆ ಸಂಬಳ ತೆಗೆದುಕೊಳ್ಳುತ್ತಾ ಒಂದು ಚದರಡಿ ಜಾಗವೂ ಇಲ್ಲದವರು ಇದ್ದಾರೆ. ಸಂಬಳವೇ ಇಲ್ಲದೆ ಮೂರು ಮನೆ ಇಟ್ಟುಕೊಂಡ ಅಜ್ಜಿಯರೂ ಇದ್ದಾರೆ.

ಎಲ್ಲ ದೇಶದಲ್ಲೂ ಆಸ್ತಿಯ ಅಸಮಾನತೆ ಆದಾಯದ್ದಕ್ಕಿಂತ ಜಾಸ್ತಿ. ಹಾಗಾಗಿ ಒಂದು ದೇಶದ ಆಸ್ತಿಯ ಅಂಕಿಯನ್ನು ಇನ್ನೊಂದು ದೇಶದ ಆದಾಯದ ಅಂಕಿ ಪಕ್ಕದಲ್ಲಿಟ್ಟರೆ ಯಾರನ್ನು ಬೇಕಾದರೂ ಕೆಟ್ಟವರನ್ನಾಗಿ ತೋರಿಸಬಹುದು. ಭಾವ ಹಾಕಿದ್ದು ಆಸ್ತಿಯ ಪಟ್ಟಿ, ತಂಗಿ ಹಾಕಿದ್ದು ಆದಾಯದ ಪಟ್ಟಿ. ಅಷ್ಟೇ ಕಥೆ. ಆದರೆ ಒಂದೇ ದೇಶ ಎರಡರಲ್ಲಿ ಎರಡು ತುದಿಗೆ ಹೋಗಿದ್ದು ಯಾಕೆ ಅನ್ನೋದು ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಗಿನಿ ಲೆಕ್ಕ ಒಮ್ಮೆ ಕೈಯಾರೆ ಮಾಡಿ

ಇಂಥ ಪಟ್ಟಿಗಳಲ್ಲಿ ಹೆಚ್ಚಾಗಿ ಇರುವ ಅಂಕಿ ಗಿನಿ ಸೂಚ್ಯಂಕ. ಇಟಲಿಯ ಕೊರ್ರಾಡೊ ಗಿನಿ 1912ರಲ್ಲಿ ಕೊಟ್ಟ ಅಳತೆ ಇದು. ಎಲ್ಲರಿಗೂ ಸಮ ಇದ್ದರೆ 0, ಎಲ್ಲವೂ ಒಬ್ಬರ ಬಳಿಯೇ ಇದ್ದರೆ 1. ಕೆಲವರು ನೂರರಿಂದ ಗುಣಿಸಿ 39, 28 ಅಂತ ಬರೆಯುತ್ತಾರೆ, ಗಾಬರಿ ಬೇಡ, ಎರಡೂ ಒಂದೇ.

ಇದನ್ನು ಓದಿ ಬಿಡುವುದಕ್ಕಿಂತ ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ, ಆಮೇಲೆ ಮರೆಯಲ್ಲ. ಒಂದು ಬೀದಿಯಲ್ಲಿ ಐದು ಮನೆ. ತಿಂಗಳ ಆದಾಯ 10, 20, 30, 40, 100 ಸಾವಿರ. ಒಟ್ಟು 200. ಈಗ ಪ್ರತಿ ಎರಡು ಮನೆಯ ನಡುವಿನ ವ್ಯತ್ಯಾಸ ಬರೆಯಿರಿ: 10 ಮತ್ತು 20ರ ನಡುವೆ 10, 10 ಮತ್ತು 30ರ ನಡುವೆ 20, ಹೀಗೆ. ಹತ್ತು ಜೋಡಿ ಸಿಗುತ್ತವೆ, ಎಲ್ಲ ಕೂಡಿಸಿದರೆ 400. ಇದನ್ನು ಮನೆಗಳ ಸಂಖ್ಯೆ ಮತ್ತು ಒಟ್ಟು ಆದಾಯದ ಗುಣಲಬ್ಧದಿಂದ, ಅಂದರೆ 5 ಗುಣಿಸು 200, 1000ದಿಂದ ಭಾಗಿಸಿ. ಉತ್ತರ 0.40. ಇದು ಹೆಚ್ಚುಕಡಿಮೆ ಅಮೆರಿಕದ ಇವತ್ತಿನ ಗಿನಿ.

ಈಗ 100 ಇರುವ ಮನೆಯಿಂದ 20 ತೆರಿಗೆ ತೆಗೆದು, ಕೆಳಗಿನ ಎರಡು ಮನೆಗೆ ಹತ್ತು ಹತ್ತು ಕೊಡಿ. ಆದಾಯ 20, 30, 30, 40, 80 ಆಗುತ್ತದೆ. ಮತ್ತೆ ಲೆಕ್ಕ ಮಾಡಿ, 0.26 ಬರುತ್ತದೆ. ಒಟ್ಟು ಆದಾಯದ ಹತ್ತನೇ ಒಂದು ಭಾಗ ಕೈ ಬದಲಾಯಿತು, ಬೀದಿ ಅಮೆರಿಕದಿಂದ ಡೆನ್ಮಾರ್ಕ್ ಹತ್ತಿರ ಹೋಯಿತು. ಈ ಲೆಕ್ಕ ಮಾಡಿದ ದಿನ ನನಗೆ ಅನಿಸಿದ್ದು, 0.40 ಮತ್ತು 0.26 ಅಂತ ಓದುವಾಗ ಏನೋ ಸಣ್ಣ ವ್ಯತ್ಯಾಸ ಅನಿಸುತ್ತೆ, ಬೀದಿಯಲ್ಲಿ ನಿಂತು ನೋಡಿದರೆ ಹಾಗಲ್ಲ.

ಗಿನಿಗೆ ಒಂದು ದೋಷ ಇದೆ. ನಡುವಿನವರ ನಡುವೆ ಆಗುವ ಬದಲಾವಣೆಗೆ ಅದು ಜಾಸ್ತಿ ಸ್ಪಂದಿಸುತ್ತದೆ, ಎರಡು ತುದಿಗೆ ಕಡಿಮೆ. ತುದಿ ನೋಡಬೇಕಾದರೆ ಪಾಲ್ಮಾ ಅನುಪಾತ ನೋಡಿ: ಮೇಲಿನ ಶೇ. 10 ಜನರ ಪಾಲನ್ನು ಕೆಳಗಿನ ಶೇ. 40 ಜನರ ಪಾಲಿನಿಂದ ಭಾಗಿಸಿದ್ದು. ನನಗೆ ಇದೇ ಇಷ್ಟ, ಯಾಕೆಂದರೆ ಅಮ್ಮನಿಗೂ ಹೇಳಿ ಅರ್ಥ ಮಾಡಿಸಬಹುದು.

ತೆರಿಗೆಗೆ ಮೊದಲೋ, ಆಮೇಲೋ?

ಮುಂದುವರಿದ ದೇಶಗಳನ್ನು ಹೋಲಿಸುವಾಗ ಜನ ಹೆಚ್ಚು ಎಡವುವುದು ಇಲ್ಲಿ. ಮಾರುಕಟ್ಟೆ ಆದಾಯ ಅಂದರೆ ಸರ್ಕಾರ ಕೈ ಹಾಕುವ ಮೊದಲಿನದು. ಬಳಸಲು ಸಿಗುವ ಆದಾಯ ಅಂದರೆ ತೆರಿಗೆ ಕಳೆದು, ಪಿಂಚಣಿ, ಮಕ್ಕಳ ಭತ್ಯೆ, ನಿರುದ್ಯೋಗ ಭತ್ಯೆ ಎಲ್ಲ ಸೇರಿದ ಮೇಲಿನದು. ಒಇಸಿಡಿಯ, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟದ, ಜಾಲತಾಣದಲ್ಲಿ ಎರಡೂ ಸಿಗುತ್ತವೆ, ಪುಕ್ಕಟೆ.

ಫ್ರಾನ್ಸ್ ಮತ್ತು ಅಮೆರಿಕ ಪಕ್ಕ ಪಕ್ಕ ಇಟ್ಟು ನೋಡಿ. ತೆರಿಗೆಗೆ ಮೊದಲು ಎರಡೂ ದೇಶದ ಗಿನಿ 0.5 ದಾಟುತ್ತದೆ, ವ್ಯತ್ಯಾಸ ಇಲ್ಲ ಅಂದರೂ ನಡೆಯುತ್ತೆ. ತೆರಿಗೆ, ಭತ್ಯೆ ಆದ ಮೇಲೆ ಫ್ರಾನ್ಸ್ 0.30ರ ಹತ್ತಿರ ಇಳಿಯುತ್ತದೆ, ಅಮೆರಿಕ 0.39ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದನ್ನು ನೋಡಿ "ಫ್ರಾನ್ಸಿನ ಮಾರುಕಟ್ಟೆಯೂ ಅಮೆರಿಕದಷ್ಟೇ ಕ್ರೂರ, ಸರ್ಕಾರ ಉಳಿಸಿದೆ ಅಷ್ಟೇ" ಅಂತ ಬರೆಯುವವರು ಬೇಕಾದಷ್ಟು ಜನ. ನಾನೂ ಗುಂಪಿನಲ್ಲಿ ಹಾಗೇ ಬರೆದು ಅಳಿಸಿದೆ.

ಯಾಕೆ ಅಂದರೆ ಇಲ್ಲೊಂದು ಸಣ್ಣ ಕಳ್ಳ ಬಾಗಿಲಿದೆ. ಲಿಯೋನ್ ನಗರದ ನಿವೃತ್ತ ಶಿಕ್ಷಕಿ ಒಬ್ಬರನ್ನು ಊಹಿಸಿಕೊಳ್ಳಿ. ತಿಂಗಳಿಗೆ 2,000 ಯೂರೋ ಸರ್ಕಾರಿ ಪಿಂಚಣಿ ಬರುತ್ತದೆ, ಆರಾಮಾಗಿದ್ದಾರೆ. ಸರ್ಕಾರಿ ಪಿಂಚಣಿಯನ್ನು ಲೆಕ್ಕದವರು ಭತ್ಯೆಯ ಖಾನೆಗೆ ಹಾಕುತ್ತಾರೆ. ಹಾಗಾಗಿ ತೆರಿಗೆಗೆ ಮೊದಲಿನ ಪಟ್ಟಿಯಲ್ಲಿ ಈ ಶಿಕ್ಷಕಿಯ ಆದಾಯ ಸೊನ್ನೆ! ಇಂಥ ಲಕ್ಷಗಟ್ಟಲೆ "ಸೊನ್ನೆ"ಗಳು ಸೇರಿ ಮೊದಲಿನ ಗಿನಿಯನ್ನು ಮೇಲಕ್ಕೆ ದೂಡುತ್ತವೆ. ಆಮೇಲೆ ಪಿಂಚಣಿ ಸೇರಿಸಿದಾಗ ಧೊಪ್ಪನೆ ಇಳಿಯುತ್ತದೆ, ಸರ್ಕಾರ ಭಾರಿ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಸ್ವಲ್ಪ ಮಟ್ಟಿಗೆ ನಿಜ, ಆದರೆ ಅದರಲ್ಲಿ ಒಂದಷ್ಟು ಅವರೇ ದುಡಿಯುವಾಗ ಕಟ್ಟಿದ ಹಣ ಅವರಿಗೇ ವಾಪಸ್ ಬಂದದ್ದು. ಇದಕ್ಕೆ ಪರಿಹಾರ ಸುಲಭ. ದುಡಿಯುವ ವಯಸ್ಸಿನವರ ಅಂಕಿ ಬೇರೆಯಾಗಿ ಸಿಗುತ್ತದೆ, 18ರಿಂದ 65. ತೆರಿಗೆಗೆ ಮೊದಲಿನ ಹೋಲಿಕೆಯನ್ನು ಆ ಸಾಲಿನಲ್ಲಿ ಮಾಡಿ.

ಮನೆಯ ಗಾತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರೇ ಇರುವ ಮನೆಗೂ ನಾಲ್ಕು ಜನ ಇರುವ ಮನೆಗೂ ಒಂದೇ ಆದಾಯ ಬಂದರೆ ಅದು ಒಂದೇ ಅಲ್ಲ, ಆದರೆ ನಾಲ್ಕು ಜನಕ್ಕೆ ನಾಲ್ಕು ಫ್ರಿಜ್ಜೂ ಬೇಡ. ಅದಕ್ಕೆ ಒಇಸಿಡಿಯವರು ಮನೆಯ ಆದಾಯವನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತಾರೆ, ನಾಲ್ಕು ಜನ ಇದ್ದರೆ ಎರಡರಿಂದ. ಬೇರೆಯವರು ಬೇರೆ ಥರ ಮಾಡುತ್ತಾರೆ. ಎರಡು ಕಡೆಯ ಅಂಕಿ ಬೆರೆಸಬೇಡಿ, ಅಷ್ಟೇ.

ಜರ್ಮನ್ನರು ಗ್ರೀಕರಿಗಿಂತ ಬಡವರಾದ ಕಥೆ

ಆಸ್ತಿಯ ಹೋಲಿಕೆ ಇದಕ್ಕಿಂತ ಹತ್ತು ಪಟ್ಟು ಗೋಜಲು. ಅದನ್ನು ಕಲಿಯಲು 2013ರ ಏಪ್ರಿಲ್‌ಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆಗ ಯೂರೋಪಿನ ಕೇಂದ್ರ ಬ್ಯಾಂಕ್ ಯೂರೋ ದೇಶಗಳ ಮನೆಮನೆಯ ಆಸ್ತಿ ಸಮೀಕ್ಷೆಯನ್ನು ಮೊದಲ ಬಾರಿ ಪ್ರಕಟಿಸಿತು. ಸಮಯ ನೋಡಿ. ಹಿಂದಿನ ತಿಂಗಳಷ್ಟೇ ದಿವಾಳಿ ಅಂಚಿನಲ್ಲಿದ್ದ ಸೈಪ್ರಸ್‌ಗೆ ನೆರವು ಕೊಡುವ ಒಪ್ಪಂದ ಆಗಿತ್ತು, ಅದರಲ್ಲಿ ಜರ್ಮನ್ನರ ದುಡ್ಡೂ ಇತ್ತು. ಸಮೀಕ್ಷೆ ತೆರೆದರೆ, ನಡುವಿನ ಜರ್ಮನ್ ಮನೆಯ, ಅಂದರೆ ಎಲ್ಲ ಮನೆಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ಇಟ್ಟರೆ ಸರಿ ಮಧ್ಯದಲ್ಲಿ ಬರುವ ಮನೆಯ, ನಿವ್ವಳ ಆಸ್ತಿ 51,400 ಯೂರೋ. ಗ್ರೀಸ್ 1,01,900. ಸ್ಪೇನ್ 1,82,700. ಸೈಪ್ರಸ್ 2,66,900! ಹದಿನೈದು ದೇಶಗಳಲ್ಲಿ ಜರ್ಮನಿ ಕೊನೆ, ಸ್ಲೊವಾಕಿಯಾಗಿಂತಲೂ ಕೆಳಗೆ. ಸಾಲ ಕೊಡುವವನು ಬಡವ, ತೆಗೆದುಕೊಳ್ಳುವವನು ಸಾಹುಕಾರ ಅಂತ ಜರ್ಮನ್ ಪತ್ರಿಕೆಗಳು ಉರಿದುಬಿದ್ದವು.

ಅಂಕಿ ಸುಳ್ಳಲ್ಲ. ಆದರೆ ಬಿಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಸಮೀಕ್ಷೆಯಲ್ಲಿ ಸ್ವಂತ ಮನೆ ಇದ್ದ ಜರ್ಮನ್ ಕುಟುಂಬಗಳು ಶೇ. 44 ಮಾತ್ರ, ಸ್ಪೇನಿನಲ್ಲಿ ಶೇ. 83. ಜರ್ಮನಿಯಲ್ಲಿ ಬಾಡಿಗೆದಾರರ ಪರ ಕಾನೂನು ಗಟ್ಟಿಯಾಗಿದೆ, ಜೀವಮಾನ ಬಾಡಿಗೆ ಮನೆಯಲ್ಲೇ ಕಳೆದರೂ ಯಾರೂ ಕನಿಕರದಿಂದ ನೋಡಲ್ಲ. ಸಾಮಾನ್ಯ ಕುಟುಂಬದ ಆಸ್ತಿ ಅಂದರೆ ಎಲ್ಲ ಕಡೆಯೂ ಮುಖ್ಯವಾಗಿ ಮನೆಯೇ, ಮನೆ ಇಲ್ಲದಿದ್ದರೆ ಆಸ್ತಿ ಕಾಣಲ್ಲ. ಎರಡನೆಯದು, ಜರ್ಮನ್ನರಿಗೆ ಬರಬೇಕಾದ ಸರ್ಕಾರಿ ಪಿಂಚಣಿ ಲೆಕ್ಕದಲ್ಲೇ ಇಲ್ಲ. ಮೂರನೆಯದು, ಲೆಕ್ಕ ಮನೆಗೆ ಒಂದರಂತೆ. ಜರ್ಮನಿಯಲ್ಲಿ ಒಬ್ಬರೇ ಇರುವ ಮನೆಗಳು ಬಹಳ, ದಕ್ಷಿಣದ ದೇಶಗಳಲ್ಲಿ ಮಕ್ಕಳು ದೊಡ್ಡವರಾದ ಮೇಲೂ ಅಪ್ಪ ಅಮ್ಮನ ಜೊತೆ ಇರುತ್ತಾರೆ, ಹಾಗಾಗಿ ಒಂದೇ ಮನೆಯಲ್ಲಿ ಹೆಚ್ಚು ಜನರ ಆಸ್ತಿ. ನಾಲ್ಕನೆಯದು ವರ್ಷ: ಸ್ಪೇನಿನ ಮಾಹಿತಿ ಜರ್ಮನಿಯದ್ದಕ್ಕಿಂತ ಹಳೆಯದು, ಅಲ್ಲಿ ಮನೆ ಬೆಲೆ ಪೂರ್ತಿ ಕುಸಿಯುವ ಮೊದಲಿನದು. ಜೊತೆಗೆ ಪೂರ್ವ ಜರ್ಮನಿ. ನಲವತ್ತು ವರ್ಷ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಜನರ ಬಳಿ ಅಪ್ಪನಿಂದ ಮಗನಿಗೆ ಇಳಿಯಲು ಏನಿತ್ತು?

ಇಷ್ಟೆಲ್ಲ ಕಳೆದ ಮೇಲೂ ಒಂದು ವಿಷಯ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಅದೇ ಸಮೀಕ್ಷೆಯಲ್ಲಿ ಜರ್ಮನಿಯ ಸರಾಸರಿ ಆಸ್ತಿ 1,95,200 ಯೂರೋ, ಅಂದರೆ ನಡುವಿನವರ ಆಸ್ತಿಯ ಸುಮಾರು ನಾಲ್ಕು ಪಟ್ಟು. ಸ್ಲೊವಾಕಿಯಾದಲ್ಲಿ ಸರಾಸರಿ 79,700, ನಡುವಿನದು 61,200, ಹೆಚ್ಚು ಅಂತರವಿಲ್ಲ. ಜರ್ಮನಿಯೊಳಗಿನ ಅಸಮಾನತೆ ಬರೀ ಲೆಕ್ಕದ ಆಟವಲ್ಲ.

ಸ್ಲೊವಾಕಿಯಾ ಆದಾಯದಲ್ಲೂ ಸಮಾನ, ಆಸ್ತಿಯಲ್ಲೂ ಸಮಾನ. ಅದಕ್ಕೆ ಕಾರಣ ಸೊಗಸಾಗಿದೆ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಸರ್ಕಾರಿ ಫ್ಲಾಟ್‌ಗಳನ್ನು ಅಲ್ಲಿದ್ದ ಬಾಡಿಗೆದಾರರಿಗೇ ಅಗ್ಗಕ್ಕೆ ಕೊಟ್ಟರು. ಹತ್ತರಲ್ಲಿ ಒಂಬತ್ತು ಕುಟುಂಬಕ್ಕೆ ಸ್ವಂತ ಮನೆ. ಎಲ್ಲರ ಬಳಿಯೂ ಒಂದೊಂದು ಫ್ಲಾಟ್ ಇದ್ದಮೇಲೆ ಗಿನಿ ಎಲ್ಲಿಂದ ಏರಬೇಕು!

ಸರಾಸರಿ ಮತ್ತು ನಡುವಿನದು, ಇವೆರಡನ್ನು ಭಾಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅರ್ಥಶಾಸ್ತ್ರಜ್ಞರು ಮೀಡಿಯನ್ ಅನ್ನುವುದು ಇದಕ್ಕೇ, ಎಲ್ಲರನ್ನೂ ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಲ್ಲುವವರು. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ಕುಟುಂಬದ ಸರಾಸರಿ ಆಸ್ತಿ ಸುಮಾರು 10.6 ಲಕ್ಷ ಡಾಲರ್, ನಡುವಿನದು 1.93 ಲಕ್ಷ. ಐದೂವರೆ ಪಟ್ಟು. "ಅಮೆರಿಕದ ಸರಾಸರಿ ಕುಟುಂಬ ಮಿಲಿಯನೇರ್" ಅನ್ನುವ ತಲೆಬರಹ ಕಂಡರೆ ಯಾಕೆ ನಗಬೇಕು ಅಂತ ಈಗ ಗೊತ್ತಾಯಿತಲ್ಲ.

ಹಾಗಾದರೆ ಸ್ವೀಡನ್?

ಕ್ರೆಡಿಟ್ ಸ್ವೀಸ್ ಬ್ಯಾಂಕಿನ 2021ರ ವರದಿಯಲ್ಲಿ ಸ್ವೀಡನ್ನಿನ ಆಸ್ತಿಯ ಗಿನಿ 0.87, ಅಮೆರಿಕದ್ದು 0.85. ಭಾವನ ಪಟ್ಟಿ ಬಂದದ್ದು ಇಂಥದ್ದರಿಂದಲೇ. ಆದಾಯದಲ್ಲಿ ಸ್ವೀಡನ್ 0.29ರ ಹತ್ತಿರ.

ಇದು ಹೇಗೆ ಸಾಧ್ಯ ಅಂತ ತಿಳಿಯಲು ಮತ್ತೆ ನಮ್ಮ ಬೀದಿಗೆ ಬನ್ನಿ. ಐದು ಮನೆಗಳ ಆಸ್ತಿ 0, 0, 10, 60, 150 ಲಕ್ಷ ಅಂತಿರಲಿ. ಗಿನಿ 0.65. ಈಗ ಮೊದಲ ಮನೆಯ ಹುಡುಗ ಓದಲು 20 ಲಕ್ಷ ಸಾಲ ಮಾಡಿದ ಅನ್ನಿ. ಅವನ ಆಸ್ತಿ ಈಗ ಸೊನ್ನೆಗಿಂತ 20 ಕೆಳಗೆ. ಗಿನಿ 0.80ಕ್ಕೆ ಜಿಗಿಯುತ್ತದೆ! ಒಬ್ಬ ವಿದ್ಯಾರ್ಥಿಯ ಸಾಲ, ಅವನು ನಾಳೆ ಒಳ್ಳೆ ಸಂಬಳ ತೆಗೆದುಕೊಳ್ಳುವವನೇ ಆಗಿರಬಹುದು. ಸ್ವೀಡನ್ನಿನಲ್ಲಿ ಓದಿನ ಸಾಲ ಮತ್ತು ಮನೆ ಸಾಲ ಎರಡೂ ಸಲೀಸಾಗಿ ಸಿಗುತ್ತವೆ, ಸಾಲ ಮಾಡಲು ಯಾರೂ ಹೆದರಲ್ಲ, ಯಾಕೆಂದರೆ ಆಸ್ಪತ್ರೆ, ಮಕ್ಕಳ ಓದು, ಮುಪ್ಪು ಮೂರಕ್ಕೂ ಕೂಡಿಡಬೇಕಾದ ಒತ್ತಡ ನಮ್ಮಷ್ಟಿಲ್ಲ. ಕೂಡಿಡದವರು ಆಸ್ತಿಯ ಪಟ್ಟಿಯಲ್ಲಿ ಬಡವರು.

ಇದು ಕೆಳಗಿನ ತುದಿ. ಮೇಲಿನ ತುದಿಯಲ್ಲಿ ನಿಜವಾದ ಕುಬೇರರಿದ್ದಾರೆ. ವಾಲೆನ್‌ಬರ್ಗ್ ಮನೆತನ, ಎಚ್ ಅಂಡ್ ಎಂ ಬಟ್ಟೆ ಅಂಗಡಿಗಳ ಪರ್ಸನ್ ಮನೆತನ. ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯನ್ನು 2004ರ ಕೊನೆಗೆ ತೆಗೆದರು, ಸಂಪತ್ತಿನ ತೆರಿಗೆಯನ್ನು 2007ರಲ್ಲಿ. ಸಮಾಜವಾದಿ ಸ್ವೀಡನ್ ಅಂತ ನಾವು ಇಲ್ಲಿ ಕೂತು ಹೊಗಳುವ ದೇಶದಲ್ಲಿ ಅಪ್ಪನ ಕೋಟ್ಯಂತರ ಕ್ರೋನಾ ಮಗನಿಗೆ ತೆರಿಗೆ ಇಲ್ಲದೆ ಹೋಗುತ್ತದೆ. ಸಂಬಳದ ಮೇಲೆ ತೆರಿಗೆ ಜಾಸ್ತಿ, ಆಸ್ತಿಯ ಮೇಲೆ ಕಡಿಮೆ. ಎರಡು ಪಟ್ಟಿ ಎರಡು ಕಡೆ ಹೋಗಲು ಇದಕ್ಕಿಂತ ಹೆಚ್ಚು ಕಾರಣ ಬೇಕಾ?

ಇನ್ನೊಂದು ತಮಾಷೆ ಇದೆ. ಸಂಪತ್ತಿನ ತೆರಿಗೆ ಹೋದ ಮೇಲೆ ಯಾರ ಬಳಿ ಎಷ್ಟಿದೆ ಅಂತ ಸರ್ಕಾರ ಮಾಹಿತಿ ಸಂಗ್ರಹಿಸುವ ಕಾರಣವೂ ಹೋಯಿತು. ಅಧಿಕೃತ ಆಸ್ತಿ ರಿಜಿಸ್ಟರ್ 2007ಕ್ಕೇ ನಿಂತಿತು. ಆಮೇಲಿನ ಅಂಕಿಗಳಲ್ಲಿ ಅಂದಾಜು ಜಾಸ್ತಿ. ಹಾಗಾಗಿ 0.87 ಮತ್ತು 0.85ರ ನಡುವಿನ 0.02 ಹಿಡಿದುಕೊಂಡು ಗೆದ್ದೆ ಅನ್ನಬೇಡಿ. ಎರಡೂ ದೇಶ ಮೇಲಿನ ಸಾಲಿನಲ್ಲಿವೆ ಅಂತ ಹೇಳಬಹುದು, ಅದಕ್ಕಿಂತ ಹೆಚ್ಚು ಹೇಳಿದರೆ ಕೈಯಿಂದ ಹಾಕಿದ್ದು.

ಮೇಲಿನ ಶೇ. 1 ಅಂದಾಗ ಯಾರು ಎಣಿಸಿದ್ದು ಅಂತ ಕೇಳಿ

ಮನೆ ಬಾಗಿಲಿಗೆ ಹೋಗಿ ಮಾಡುವ ಸಮೀಕ್ಷೆಯಲ್ಲಿ ಭಾರಿ ಶ್ರೀಮಂತರು ಸಿಗುವುದಿಲ್ಲ, ಸಿಕ್ಕರೂ ಪೂರ್ತಿ ಹೇಳಲ್ಲ. ಅದಕ್ಕೆ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟ್ಟಿ ಮತ್ತು ಜೊತೆಗಾರರು ತೆರಿಗೆ ದಾಖಲೆ ಹಿಡಿದರು. ಅವರ ವರ್ಲ್ಡ್ ಇನ್‌ಇಕ್ವಾಲಿಟಿ ಡೇಟಾಬೇಸ್ ಪ್ರಕಾರ ಅಮೆರಿಕದಲ್ಲಿ ತೆರಿಗೆಗೆ ಮೊದಲಿನ ಆದಾಯದ ಸುಮಾರು ಐದನೇ ಒಂದು ಭಾಗ ಮೇಲಿನ ಶೇ. 1 ಜನರಿಗೆ ಹೋಗುತ್ತದೆ. ಅದೇ ತೆರಿಗೆ ದಾಖಲೆ ಹಿಡಿದ ಜೆರಾಲ್ಡ್ ಆಟನ್, ಡೇವಿಡ್ ಸ್ಪ್ಲಿಂಟರ್ ಅನ್ನುವ ಇಬ್ಬರು ಅಮೆರಿಕನ್ ಅರ್ಥಶಾಸ್ತ್ರಜ್ಞರಿಗೆ ಸಿಕ್ಕಿದ್ದು ಸುಮಾರು ಶೇ. 14. ತೆರಿಗೆ ಕಳೆದ ಮೇಲೆ 1960ರ ದಶಕದಿಂದ ಹೆಚ್ಚೇನೂ ಏರಿಲ್ಲ ಅನ್ನುತ್ತಾರೆ ಅವರು. ವ್ಯತ್ಯಾಸ ಎಲ್ಲಿ? ಬಹುಪಾಲು, ಜನ ತೋರಿಸದೆ ಮುಚ್ಚಿಟ್ಟ ಆದಾಯವನ್ನು ಯಾರ ತಲೆಗೆ ಹಂಚುವುದು ಅನ್ನುವುದರಲ್ಲಿ. ನನ್ನ ಕೇಳಿದರೆ ಸತ್ಯ ಎರಡರ ನಡುವೆ ಎಲ್ಲೋ ಇದೆ. ಆದರೆ ಒಂದು ದೇಶಕ್ಕೆ ಪಿಕೆಟ್ಟಿ ಅಂಕಿ, ಇನ್ನೊಂದಕ್ಕೆ ಒಇಸಿಡಿ ಅಂಕಿ ಹಾಕುವವರ ಜೊತೆ ಮಾತ್ರ ವಾದಕ್ಕೆ ಇಳಿಯಬೇಡಿ.

ವರ್ಷವನ್ನೂ ನೋಡಿ. ನಾರ್ವೆಯ ಸರಣಿ ತೆಗೆದರೆ 2005ರಲ್ಲಿ ಅಸಮಾನತೆ ದಿಢೀರ್ ಏರಿ, ಮರುವರ್ಷ ದಿಢೀರ್ ಬಿದ್ದಿದೆ. ಅಲ್ಲಿ ಯಾವ ಕ್ರಾಂತಿಯೂ ಆಗಿರಲಿಲ್ಲ. ಕಂಪನಿಗಳ ಲಾಭಾಂಶಕ್ಕೆ 2006ರಿಂದ ಹೊಸ ತೆರಿಗೆ ಬರುತ್ತೆ ಅಂತ ಮೊದಲೇ ಗೊತ್ತಿತ್ತು, ಮಾಲೀಕರು ಹಿಂದಿನ ವರ್ಷವೇ ಬಾಚಿಕೊಂಡರು. ಒಂದೇ ವರ್ಷದ ಅಂಕಿ ಹಿಡಿಯುವ ಬದಲು ಐದಾರು ವರ್ಷದ ಸಾಲು ನೋಡಿ ಅನ್ನುವುದು ಇದಕ್ಕೇ.

ನಮ್ಮ ದೇಶದ ವಿಷಯ ಇಲ್ಲಿ ಬೇಡ ಅಂದುಕೊಂಡಿದ್ದೆ, ಆದರೆ ಒಂದನ್ನು ಹೇಳಲೇಬೇಕು. 2025ರ ಜುಲೈನಲ್ಲಿ ಭಾರತ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ, ನಮ್ಮ ಗಿನಿ 25.5, ಅಮೆರಿಕದ್ದು 41.8 ಅಂತ ಸುದ್ದಿ ಎಲ್ಲ ಗುಂಪಿಗೂ ಬಂತು. 25.5 ವಿಶ್ವ ಬ್ಯಾಂಕಿನ ಒಂದು ಟಿಪ್ಪಣಿಯದ್ದೇ, ಆದರೆ ಅದು ಖರ್ಚಿನ ಗಿನಿ. ಅಮೆರಿಕದ್ದು ಆದಾಯದ ಗಿನಿ. ಬಡವರು ಬಂದದ್ದೆಲ್ಲ ಖರ್ಚು ಮಾಡುತ್ತಾರೆ, ಶ್ರೀಮಂತರು ಉಳಿಸುತ್ತಾರೆ, ಹಾಗಾಗಿ ಖರ್ಚಿನ ಗಿನಿ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತೆ. ವಿಶ್ವ ಬ್ಯಾಂಕಿನ ಅದೇ ಟಿಪ್ಪಣಿಯಲ್ಲಿ ಭಾರತದ ಆದಾಯದ ಗಿನಿ 2023ರಲ್ಲಿ 62 ಅಂತಲೂ ಇತ್ತು, ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ನಾನು ಈಗ ಮಾಡುವುದು ಇಷ್ಟು. ಯಾವುದೇ ಅಂಕಿ ಸಿಕ್ಕಿದ ತಕ್ಷಣ ಶೀಟಿನಲ್ಲಿ ಅದರ ಪೂರ್ತಿ ಹೆಸರು ಬರೆಯುತ್ತೇನೆ: "ಇಂಥ ವರ್ಷ, ಇಂಥ ದೇಶ, ತೆರಿಗೆ ಕಳೆದ ಮೇಲೆ, ಮನೆಯ ಗಾತ್ರಕ್ಕೆ ಹೊಂದಿಸಿದ, ಬಳಸಲು ಸಿಗುವ ಆದಾಯದ ಗಿನಿ, ಒಇಸಿಡಿ." ಈ ವಾಕ್ಯದಲ್ಲಿ ಒಂದು ಜಾಗ ತುಂಬಲು ಆಗದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡುತ್ತೇನೆ. ಎರಡು ದೇಶದ ವಾಕ್ಯಗಳಲ್ಲಿ ದೇಶದ ಹೆಸರು ಬಿಟ್ಟು ಬೇರೆ ಯಾವ ಪದ ಬದಲಾದರೂ ಹೋಲಿಸುವುದಿಲ್ಲ. ಅದರ ಪಕ್ಕದಲ್ಲಿ ಆಸ್ತಿಗೆ ಬೇರೆ ಖಾನೆ, ಸರಾಸರಿ ಭಾಗಿಸು ನಡುವಿನದಕ್ಕೆ ಒಂದು, ಸ್ವಂತ ಮನೆ ಇರುವವರ ಶೇಕಡಾಕ್ಕೆ ಒಂದು. ಐದು ದೇಶ ತುಂಬುವಷ್ಟರಲ್ಲಿ ಒಂದು ಸಂಜೆ ಹೋಗುತ್ತದೆ.

ಆ ಶೀಟನ್ನು ಗುಂಪಿಗೆ ಹಾಕಿದೆ. ಭಾವ ಹೆಬ್ಬೆರಳು ಎತ್ತಿ ಸುಮ್ಮನಾದರು. ಗೋಥೆನ್‌ಬರ್ಗ್ ತಂಗಿ ಸ್ವಲ್ಪ ಹೊತ್ತು ಬಿಟ್ಟು ಬರೆದಳು. ಅವಳು ಇರುವುದು ಬಾಡಿಗೆ ಫ್ಲಾಟ್, ಹೆಸರಿನಲ್ಲಿ ಇರುವುದು ಒಂದು ಹಳೇ ವೋಲ್ವೊ ಕಾರು, ಅದಕ್ಕೂ ಸಾಲ. ಮಗು ಹುಟ್ಟಿದಾಗ ಅವಳಿಗೂ ಗಂಡನಿಗೂ ಸೇರಿ 480 ದಿನ ಭತ್ಯೆ ಸಹಿತ ರಜೆ ಸಿಕ್ಕಿತ್ತು. "ಅಂದರೆ ಭಾವನ ಪಟ್ಟಿಯಲ್ಲಿ ಸ್ವೀಡನ್ ಮರ್ಯಾದೆ ಕಳೆದವಳು ನಾನೇ ಅನ್ನು" ಅಂತ ನಗುವ ಮುಖ ಹಾಕಿದ್ದಳು.